ಎಷ್ಟು ಎಂಬುದಷ್ಟೇ ಸಾಲದು

ದೇಶಪಾಂಡೆ ನಗರದ ದುರಸ್ತಿ ಅಂಗಡಿಯೊಂದರಲ್ಲಿ ಟೆಲಿವಿಷನ್ನಿನ ರಿಮೋಟನ್ನು ಬಿಚ್ಚುವುದನ್ನು ನಾವು ವಿದ್ಯಾರ್ಥಿಯೊಬ್ಬನೊಡನೆ ನೋಡುತ್ತ ನಿಂತಿದ್ದೆವು. ಗುಂಡಿಗಳ ಬೆನ್ನಿಗೆ ಕರಿಯ ರಬ್ಬರಿನ ಬಿಲ್ಲೆಗಳಿದ್ದವು. ರಬ್ಬರು ಅವಾಹಕ, ಅದರಲ್ಲಿ ಬೆರೆಸಿದ ಇಂಗಾಲದ ದೆಸೆಯಿಂದ ಆ ಬಿಲ್ಲೆ ವಿದ್ಯುತ್ತನ್ನು ಹರಿಯಗೊಡುತ್ತದೆ. “ಹಾಗಾದರೆ ಇಂಗಾಲವನ್ನು ಇನ್ನೂ ಹೆಚ್ಚು ಹಾಕಬಹುದಲ್ಲ, ಸರ್?” ಎಂದು ಹುಡುಗ ಕೇಳಿದ. ತಪ್ಪು ಅವನದಲ್ಲ. ತಂತಿಯ ಉದ್ದ, ದಪ್ಪ, ಪದಾರ್ಥ ಇಷ್ಟನ್ನು ಹೇಳಿ ರೋಧದ ಪಾಠವನ್ನು ಮುಗಿಸುವವರು ಅಧ್ಯಾಪಕರಾದ ನಾವೇ.

ಇಂಗಾಲ ಹೆಚ್ಚಿದಂತೆ ರಬ್ಬರು ಬಿರುಸಾಗಿ ಬಾಗುವ ಗುಣವನ್ನು ಕಳೆದುಕೊಳ್ಳುತ್ತದೆ. ಮೇಲಾಗಿ, ಕಣಗಳು ಇದ್ದ ಮಾತ್ರಕ್ಕೆ ವಿದ್ಯುತ್ತು ಹರಿಯದು. ಅವು ಒಂದನ್ನೊಂದು ತಾಗಿ, ಇಲ್ಲವೆ ತೀರ ಸಮೀಪಿಸಿ, ಈ ಬದಿಯಿಂದ ಆ ಬದಿಗೆ ದಾರಿಯಾಗಬೇಕು. ಆ ದಾರಿ ಕೂಡಿಬರುವ ಪ್ರಮಾಣವನ್ನು ಹೊಸ್ತಿಲು ಎನ್ನೋಣ. ಅದರ ಈಚೆಗೆ ವಸ್ತು ಬಹುಮಟ್ಟಿಗೆ ಅವಾಹಕ. ದಾಟಿದರೆ ರೋಧವು ಲಕ್ಷದಲ್ಲೊಂದು ಪಾಲಿಗೂ ಇಳಿಯಬಹುದು.

ಈ ಹೊಸ್ತಿಲು ಎಲ್ಲಿರಬೇಕೆಂಬುದನ್ನು ಬಹಳಷ್ಟು ಮಟ್ಟಿಗೆ ನಿರ್ಧರಿಸುವುದು ಕಣದ ಆಕಾರ. ಸಾಸಿವೆಯನ್ನೂ ಶ್ಯಾವಿಗೆಯನ್ನೂ ನೆನೆಯಿರಿ. ಸಾಸಿವೆಯಂತೆ ಗುಂಡಾದ ಕಣಗಳು ಎತ್ತೆತ್ತಲೋ ಚೆದುರಿ ಬೆರೆತರೆ ಘನಫಲದ ಸುಮಾರು ಶೇಕಡಾ 16ರಷ್ಟು ಬೇಕೆಂಬುದು 1970ರಲ್ಲಿ ಶೇರ್ ಮತ್ತು ಝಾಲೆನ್ ಹಾಕಿದ ಲೆಕ್ಕ. ಶ್ಯಾವಿಗೆಯ ಎಳೆಯಾದರೋ ತನ್ನ ಘನಫಲ ಅತ್ಯಲ್ಪವಾದರೂ ದೂರದವರೆಗೆ ಕೈಚಾಚುತ್ತದೆ. ಉದ್ದವು ದಪ್ಪದ ನೂರು ಪಟ್ಟಿದ್ದು, ಎಳೆಗಳು ಎಲ್ಲ ದಿಕ್ಕಿಗೂ ಚೆದುರಿದ್ದರೆ, ಲೆಕ್ಕದ ಪ್ರಕಾರ ಶೇಕಡಾ 1ಕ್ಕಿಂತಲೂ ಕಡಿಮೆ ಸಾಕು! 1991ರಲ್ಲಿ ಜಪಾನಿನ ಇಜಿಮಾ ವರ್ಣಿಸಿದ ಇಂಗಾಲದ ನ್ಯಾನೋ ನಳಿಕೆಗಳಿಗೆ ಇಷ್ಟು ಬೆಲೆ ಬಂದುದಕ್ಕೆ ಇದೂ ಒಂದು ಕಾರಣ. ನಮ್ಮ ಬೆಂಗಳೂರಿನಲ್ಲಿಯೂ ಸಿ. ಎನ್. ಆರ್. ರಾವ್ ಮತ್ತು ಸಂಗಡಿಗರು ಇಂಥ ನಳಿಕೆಗಳ ತಯಾರಿಕೆಯನ್ನು ಅಭ್ಯಸಿಸಿದ್ದಾರೆ. ಅಗ್ಗದ ಇಂಗಾಲದ ಮಸಿಯನ್ನೂ ಹೀಗಳೆಯಬೇಕಾಗಿಲ್ಲ: ಅದರ ಕಣ ಗುಂಡಾದರೂ ಅವು ಗೊಂಚಲುಗಟ್ಟಿರುತ್ತವೆ, ಗೊಂಚಲು ಕವಲೊಡೆದಷ್ಟೂ ಹೊಸ್ತಿಲು ತಗ್ಗುತ್ತದೆ.

ಎಳೆಗಳಿಗೂ ತಮ್ಮದೇ ತೊಡಕುಂಟು. ಬೆರೆಸುವಾಗ ಮುರಿಯುತ್ತವೆ, ಗಂಟುಕಟ್ಟುತ್ತವೆ. ಅಚ್ಚಿನೊಳಗೆ ಹರಿಯುವಾಗ ಎಲ್ಲವೂ ಒಂದೇ ದಿಕ್ಕಿಗೆ ಮಲಗಿದರೆ ಅವು ಪರಸ್ಪರ ತಾಗುವುದೇ ಅಪರೂಪವಾಗುತ್ತದೆ.

ಇದನ್ನು ಪದವಿ ತರಗತಿಯ ಪ್ರಯೋಗಗಳಲ್ಲಿ ಸೇರಿಸಬೇಕೆಂಬುದು ನಮ್ಮ ಅಭಿಪ್ರಾಯ. ಖರ್ಚಿನ ನೆವ ಇಲ್ಲಿ ಸಲ್ಲದು. ಕರಗಿಸಿದ ಮೇಣ, ಗ್ರಾಫೈಟ್ ಪುಡಿ, ಸಣ್ಣಗೆ ಕತ್ತರಿಸಿದ ಇಂಗಾಲದ ನಾರು, ಒಂದು ಮಲ್ಟಿಮೀಟರ್ ಇದ್ದರಾಯಿತು. ನಾರಿನ ದೂಳು ಮೂಗಿಗೆ ಹೋಗದಂತೆ ಮಾತ್ರ ಎಚ್ಚರ ವಹಿಸಬೇಕು. ಒಂದು ಮೇಣಕ್ಕೆ ಪುಡಿಯನ್ನೂ ಇನ್ನೊಂದಕ್ಕೆ ಅಷ್ಟೇ ತೂಕದ ನಾರನ್ನೂ ಸ್ವಲ್ಪಸ್ವಲ್ಪವಾಗಿ ಬೆರೆಸುತ್ತ, ಪ್ರತಿ ಸಲವೂ ರೋಧವನ್ನು ಅಳೆದು ಬರೆದುಕೊಳ್ಳಲಿ. ದಾಖಲೆಯ ಪುಸ್ತಕದಲ್ಲಿ ತೂಕದ ಕಲಮಿನ ಪಕ್ಕಕ್ಕೆ ಆಕಾರದ್ದೂ ಒಂದು ಕಲಮನ್ನು ಈ ವರ್ಷವೇ ಗೀಚಬಹುದು. ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.