ಮನಸ್ಸು ಯಾವ ದಡದಲ್ಲಿದೆ?

ಪಾಶ್ಚಾತ್ಯ ತತ್ತ್ವಶಾಸ್ತ್ರವನ್ನು ಕನ್ನಡದಲ್ಲಿ ಪರಿಚಯಿಸುವ ಬರಹಗಳಲ್ಲಿ ‘ಮನೋ–ದೇಹ ದ್ವೈತ’ ಎಂಬ ಪದಪುಂಜ ರೂಢಿಯಾಗಿಬಿಟ್ಟಿದೆ. ಡೆಕಾರ್ಟನ ಹೆಸರು ಬಂದೊಡನೆ ಅದು ಬರುತ್ತದೆ. ಅದರ ಬೆನ್ನಿಗೇ ‘ಇದು ನಮ್ಮ ಸಾಂಖ್ಯರಲ್ಲೂ ಇತ್ತು’ ಎಂಬ ಹೆಮ್ಮೆಯ ಮಾತೂ ಬರುತ್ತದೆ. ಈ ಎರಡನ್ನೂ ನಾನು ಒಪ್ಪಲಾರೆ. ಮೊದಲನೆಯದು ಸಡಿಲವಾದ ಅನುವಾದ. ಎರಡನೆಯದು ಆ ಅನುವಾದದ ಹೊಟ್ಟೆಯಲ್ಲಿ ಹುಟ್ಟಿದ ತಪ್ಪು ತಿಳಿವಳಿಕೆ. ಇದು ಬರಿಯ ಪಾರಿಭಾಷಿಕ ತಕರಾರಾಗಿದ್ದರೆ ವಿಭಾಗದ ಪತ್ರಿಕೆಯಲ್ಲಿ ಇಷ್ಟು ಜಾಗ ಕೇಳುತ್ತಿರಲಿಲ್ಲ. ಖಿನ್ನತೆಯಲ್ಲಿ ಮುಳುಗಿದ ವಿದ್ಯಾರ್ಥಿಯ ಮುಂದೆ ನಾವು ಆಡುವ ಮಾತಿನವರೆಗೂ ಇದರ ಎಳೆ ಚಾಚಿಕೊಂಡಿದೆ ಎಂಬುದೇ ಈ ಲೇಖನಕ್ಕೆ ಕಾರಣ.

‘ದ್ವೈತ’ ಎಂಬ ಪದದಲ್ಲೇ ಮೊದಲ ತೊಡಕಿದೆ. ಕನ್ನಡಿಗನಿಗೆ ದ್ವೈತವೆಂದರೆ ಮಧ್ವಾಚಾರ್ಯರ ಮತ. ಅವರು ಹೇಳಿದ ಪಂಚಭೇದಗಳಲ್ಲಿ ಜೀವ–ಜಡಗಳ ಭೇದವೂ ಒಂದು ನಿಜ. ಆದರೆ ಆ ದರ್ಶನದ ಭಾರವೆಲ್ಲ ಸ್ವತಂತ್ರನಾದ ಈಶ್ವರ ಮತ್ತು ಅವನಿಗೆ ಅಧೀನವಾದ ಉಳಿದೆಲ್ಲದರ ನಡುವಿನ ಅಂತರದ ಮೇಲಿದೆ. ಡೆಕಾರ್ಟ್ ಗೆರೆ ಎಳೆದದ್ದು ಬೇರೊಂದು ಸ್ಥಳದಲ್ಲಿ. 1641ರಲ್ಲಿ ಪ್ರಕಟವಾದ ‘ಮೆಡಿಟೇಶನ್ಸ್’ ಗ್ರಂಥದಲ್ಲಿ ಅವನು ಜಗತ್ತನ್ನು ಎರಡು ಬಗೆಯ ದ್ರವ್ಯಗಳಾಗಿ ಸೀಳಿದ. ಒಂದು, ಉದ್ದ–ಅಗಲ–ಆಳಗಳುಳ್ಳ, ಜಾಗವನ್ನು ಆಕ್ರಮಿಸುವ, ಆದರೆ ಯೋಚಿಸಲಾರದ ದೇಹ. ಇನ್ನೊಂದು, ಯೋಚಿಸುವ, ಆದರೆ ಯಾವ ಜಾಗವನ್ನೂ ಆಕ್ರಮಿಸದ ಆತ್ಮ. ಸಂದೇಹಿಸುವುದು, ಗ್ರಹಿಸುವುದು, ಸಂಕಲ್ಪಿಸುವುದು, ಕಲ್ಪಿಸಿಕೊಳ್ಳುವುದು, ಇಂದ್ರಿಯಗಳ ಮೂಲಕ ಅನುಭವಿಸುವುದು ಎಲ್ಲವೂ ಈ ಎರಡನೆಯದರ ಪಾಲಿಗೆ ಹೋದವು. ‘ನಾನು’ ಎಂದು ಹೇಳುವುದೂ ಇದೇ.

ಈ ವಿಭಜನೆಗೆ ಎದುರಾದ ಅತ್ಯಂತ ನೇರವಾದ ಪ್ರಶ್ನೆಯನ್ನು ಕೇಳಿದವಳು ವಿಶ್ವವಿದ್ಯಾಲಯದ ಪಂಡಿತಳಲ್ಲ, 24 ವರ್ಷದ ದೇಶಭ್ರಷ್ಟ ರಾಜಕುಮಾರಿ. ಬೊಹೀಮಿಯಾದ ಎಲಿಜಬೆತ್ 1618ರಲ್ಲಿ ಹೈಡೆಲ್‌ಬರ್ಗಿನಲ್ಲಿ ಹುಟ್ಟಿದಳು. ತಂದೆ ಐದನೆಯ ಫ್ರೆಡರಿಕ್ ಒಂದು ಚಳಿಗಾಲದಷ್ಟು ಮಾತ್ರ ಬೊಹೀಮಿಯಾದ ಸಿಂಹಾಸನದಲ್ಲಿ ಕುಳಿತು, ಸೋತು, ರಾಜ್ಯ ಕಳೆದುಕೊಂಡ. ಆ ಕುಟುಂಬಕ್ಕೆ ಆಶ್ರಯ ಸಿಕ್ಕಿದ್ದು ಹಾಲೆಂಡಿನ ಹೇಗ್ ನಗರದಲ್ಲಿ. ಅಲ್ಲಿಂದ ಆಕೆ 1643ರ ಮೇ ತಿಂಗಳಲ್ಲಿ ಡೆಕಾರ್ಟನಿಗೆ ಪತ್ರ ಬರೆದಳು. ಒಂದು ವಸ್ತು ಇನ್ನೊಂದನ್ನು ಚಲಿಸುವಂತೆ ಮಾಡಬೇಕಾದರೆ ಅದನ್ನು ತಳ್ಳಬೇಕು, ತಳ್ಳಬೇಕಾದರೆ ಮುಟ್ಟಬೇಕು, ಮುಟ್ಟಬೇಕಾದರೆ ಅದಕ್ಕೊಂದು ಮೈ, ಒಂದು ವಿಸ್ತಾರ ಇರಬೇಕು. ನೀವು ಹೇಳುವ ಆತ್ಮಕ್ಕೆ ಅದಾವುದೂ ಇಲ್ಲ. ಹಾಗಾದರೆ ಅದು ದೇಹವನ್ನು ಹೇಗೆ ಅಲುಗಿಸುತ್ತದೆ? ಆಕೆಯ ಪ್ರಶ್ನೆಯ ಸಾರ ಇಷ್ಟು. ಕೈ ಎತ್ತಬೇಕೆಂದುಕೊಂಡಾಗ ಕೈ ಏಳುತ್ತದಲ್ಲ, ಆ ನಡುವಿನ ಹೆಜ್ಜೆ ಯಾವುದು?

ಡೆಕಾರ್ಟ್ ಕೊಟ್ಟ ಉತ್ತರಗಳನ್ನು ಗಮನಿಸಬೇಕು. ವಸ್ತುವಿನ ಭಾರವು ಅದನ್ನು ಕೆಳಗೆ ಎಳೆಯುತ್ತದೆ ಎಂದು ನಾವು ಭಾವಿಸುವಾಗ ಭಾರವು ವಸ್ತುವನ್ನು ಹೊರಗಿನಿಂದ ಮುಟ್ಟಿ ತಳ್ಳುತ್ತದೆ ಎಂದುಕೊಳ್ಳುವುದಿಲ್ಲವಷ್ಟೆ, ಆತ್ಮದ ವಿಷಯವನ್ನೂ ಹಾಗೆಯೇ ತಿಳಿಯಿರಿ ಎಂದು ಅವನು ಮೊದಲು ಬರೆದ. ವಿಚಿತ್ರವೆಂದರೆ ಭಾರದ ಬಗೆಗಿನ ಆ ಕಲ್ಪನೆಯೇ ತಪ್ಪು ಎಂದು ವಾದಿಸುತ್ತಿದ್ದವನೂ ಅವನೇ. ಎಲಿಜಬೆತ್ ಇದನ್ನು ಬಿಡಲಿಲ್ಲ. ಜೂನ್ ತಿಂಗಳ ಉತ್ತರದಲ್ಲಿ ಆಕೆ ಇನ್ನೂ ಮುಂದೆ ಹೋದಳು: ಜಡವಲ್ಲದ ವಸ್ತುವೊಂದು ದೇಹವನ್ನು ಚಲಿಸಬಲ್ಲದು, ದೇಹದಿಂದ ತಾನೂ ಚಲಿಸಲ್ಪಡಬಲ್ಲದು ಎಂದು ಒಪ್ಪುವುದಕ್ಕಿಂತ ಆತ್ಮಕ್ಕೂ ಒಂದು ವಿಸ್ತಾರವಿದೆ ಎಂದು ಒಪ್ಪುವುದೇ ತನಗೆ ಸುಲಭ ಎಂದಳು. ಆಗ ಡೆಕಾರ್ಟ್ ನೀಡಿದ ಸಲಹೆ ಕುತೂಹಲಕರವಾಗಿದೆ. ಆತ್ಮ–ದೇಹಗಳ ಐಕ್ಯವನ್ನು ಬುದ್ಧಿಯಿಂದ ತಿಳಿಯಲು ಹೋಗಬೇಡಿ. ದಿನನಿತ್ಯದ ಬದುಕು, ಮಾತುಕತೆಗಳಲ್ಲಿ ತೊಡಗಿದರೆ ಅದು ಇಂದ್ರಿಯಗಳಿಗೆ ತಾನಾಗಿ ತಿಳಿಯುತ್ತದೆ ಎಂದ. ಜಗತ್ತನ್ನೇ ಸಂದೇಹಿಸಿ ತತ್ತ್ವಶಾಸ್ತ್ರ ಕಟ್ಟಿದವನು ಕೊನೆಗೆ ಕೊಟ್ಟ ಉತ್ತರ ಇದು! ಆತ್ಮ ದೇಹವನ್ನು ಚಲಿಸುತ್ತದೆ ಎಂಬುದನ್ನು ಇಂದ್ರಿಯಗಳು ತೋರಿಸುತ್ತವೆ, ಹೇಗೆ ಎಂಬುದನ್ನು ತೋರಿಸುವುದಿಲ್ಲ ಎಂದು ಆಕೆ ಜುಲೈ 1ರಂದು ಮರುತ್ತರ ಬರೆದಳು. ನನ್ನ ಮಟ್ಟಿಗೆ ಆ ವಾದದಲ್ಲಿ ಗೆದ್ದವಳು ಎಲಿಜಬೆತ್ತೇ.

ಮೆದುಳಿನ ನಡುವೆ ಇರುವ ಪೀನಿಯಲ್ ಗ್ರಂಥಿಯಲ್ಲಿ ಆತ್ಮವು ತನ್ನ ಕೆಲಸ ನಡೆಸುತ್ತದೆ ಎಂಬ ಡೆಕಾರ್ಟನ ಮಾತು ಎಲ್ಲರಿಗೂ ಗೊತ್ತು. ಮೆದುಳಿನ ಉಳಿದ ಭಾಗಗಳು ಜೋಡಿಯಾಗಿವೆ, ಇದೊಂದೇ ಒಂಟಿ, ಎರಡು ಕಣ್ಣುಗಳಿಂದ ಬಂದ ನೋಟ ಒಂದಾಗಲು ಇಂಥ ಸ್ಥಳ ಬೇಕು ಎಂಬುದು ಅವನ ತರ್ಕ. ಆ ಗ್ರಂಥಿ ಮೆಲಟೋನಿನ್ ಸ್ರವಿಸಿ ನಿದ್ರೆ–ಎಚ್ಚರಗಳ ಲಯಕ್ಕೆ ನೆರವಾಗುತ್ತದೆ ಎಂದು ಈಗ ಗೊತ್ತಾಗಿದೆ. ಅದು ಬೇರೆ ಮಾತು. ಗ್ರಂಥಿ ಯಾವುದಾದರೇನು? ಜಾಗವೇ ಇಲ್ಲದ್ದು ಜಾಗವಿರುವ ಗ್ರಂಥಿಯನ್ನು ಹೇಗೆ ಅಲುಗಿಸಿತು ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಪ್ರತಿ ಸಲವೂ ದೇವರೇ ನಡುವೆ ಬಂದು ಎರಡನ್ನೂ ಹೊಂದಿಸುತ್ತಾನೆ ಎಂದ ಮಾಲ್‌ಬ್ರಾಂಶ್. ಒಂದೇ ಸಮಯ ತೋರುವಂತೆ ಮೊದಲೇ ಹೊಂದಿಸಿಟ್ಟ ಎರಡು ಗಡಿಯಾರಗಳು ಎಂದ ಲೈಬ್ನಿಟ್ಸ್. ಇವು ಪ್ರಶ್ನೆಯನ್ನು ದೇವರ ಮಡಿಲಿಗೆ ಹಾಕಿ ಕೈತೊಳೆದುಕೊಂಡ ಉತ್ತರಗಳು.

ಈಗ ನಮ್ಮ ಪದಕ್ಕೆ ಬರೋಣ. ಡೆಕಾರ್ಟನ ಗೆರೆಯ ಆಚೆಗಿರುವ, ‘ನಾನು’ ಎನ್ನುವ ಆ ಚೇತನವನ್ನು ನಾವು ‘ಮನಸ್ಸು’ ಎಂದು ಅನುವಾದಿಸುತ್ತೇವೆ. ನಮ್ಮ ದರ್ಶನಗಳಲ್ಲಿ ಮನಸ್ಸು ಆ ದಡದಲ್ಲಿ ಇಲ್ಲವೇ ಇಲ್ಲ. ಕಠೋಪನಿಷತ್ತಿನ ರಥದ ರೂಪಕದಲ್ಲಿ ಶರೀರ ರಥ, ಇಂದ್ರಿಯಗಳು ಕುದುರೆಗಳು, ಬುದ್ಧಿ ಸಾರಥಿ, ಮನಸ್ಸು ಕಡಿವಾಣದ ಹಗ್ಗ. ರಥದಲ್ಲಿ ಕುಳಿತವನು ಬೇರೆ. ಸಾಂಖ್ಯದಲ್ಲಿ ಬುದ್ಧಿ, ಅಹಂಕಾರ, ಮನಸ್ಸು ಮೂರೂ ಪ್ರಕೃತಿಯ ಪರಿಣಾಮಗಳು. ಮಣ್ಣು, ನೀರು, ಮೂಳೆ, ಮಾಂಸಗಳು ಯಾವ ಮೂಲದಿಂದ ಬಂದವೋ ಅದೇ ಮೂಲದಿಂದ ಬಂದವು. ಪುರುಷ ಬರಿಯ ಸಾಕ್ಷಿ. ನ್ಯಾಯ–ವೈಶೇಷಿಕರು ಆತ್ಮವೇ ಬೇರೆ, ಮನಸ್ಸೇ ಬೇರೆ ಎಂದರು. ಅವರ ಪ್ರಕಾರ ಮನಸ್ಸು ಅಣುವಿನಷ್ಟು ಸೂಕ್ಷ್ಮವಾದ ಒಂದು ಒಳ ಇಂದ್ರಿಯ. ಏಕಕಾಲಕ್ಕೆ ಎರಡು ಜ್ಞಾನಗಳು ಹುಟ್ಟುವುದಿಲ್ಲ ಎಂಬುದೇ ಅದು ಇದೆ ಎನ್ನುವುದಕ್ಕೆ ಗುರುತು.

ಶಾಸ್ತ್ರ ಹಾಗಿರಲಿ, ನಾಲಿಗೆಯ ರೂಢಿಯೂ ಇದನ್ನೇ ಹೇಳುತ್ತದೆ. ಮರಾಠಿ ಶಾಲೆಯಲ್ಲಿ ಓದಿದ ನನ್ನಂಥ ಗಡಿಯವರ ಬಾಯಲ್ಲಿ ಸಮರ್ಥ ರಾಮದಾಸರ ‘ಮನಾಚೆ ಶ್ಲೋಕ’ ಕುಳಿತಿದೆ. 205 ಶ್ಲೋಕಗಳ ಆ ಕೃತಿ ಮನಸ್ಸನ್ನು ಎದುರಿಗೆ ನಿಲ್ಲಿಸಿಕೊಂಡು ಬುದ್ಧಿ ಹೇಳುತ್ತದೆ. ರಾಮದಾಸರು (1608–1681) ಡೆಕಾರ್ಟ್ ಮತ್ತು ಎಲಿಜಬೆತ್ತರ ಸಮಕಾಲೀನರು ಎಂಬುದು ಕಾಕತಾಳೀಯ, ಆದರೂ ಹೋಲಿಕೆಗೆ ಅನುಕೂಲ. ಕನ್ನಡದಲ್ಲಿ ದಾಸರು ಮನಸ್ಸನ್ನು ಕರೆದು ಗದರಿದ್ದಕ್ಕೆ ಲೆಕ್ಕವಿಲ್ಲ. ಗದರಿಸಿಕೊಳ್ಳುವುದು ಮನಸ್ಸು, ಗದರುವವನು ಇನ್ನೊಬ್ಬ. ಡೆಕಾರ್ಟನಲ್ಲಿ ಗದರುವವನೂ ಗದರಿಸಿಕೊಳ್ಳುವವನೂ ಒಂದೇ ಆತ್ಮ. ಈ ಎರಡು ಭೂಪಟಗಳನ್ನು ಒಂದರ ಮೇಲೊಂದು ಇಟ್ಟರೆ ಗಡಿಗಳು ಹೊಂದುವುದಿಲ್ಲ. ಗಡಿ ಹೊಂದದಿರುವುದು ಎಂದರೇನೆಂದು ಸೊಲ್ಲಾಪುರ, ಅಕ್ಕಲಕೋಟೆ, ಜತ್ತಿನವರಿಗೆ ವಿವರಿಸಬೇಕಾಗಿಲ್ಲ.

ಹಾಗೆಂದು ನಮ್ಮವರು ಎಲಿಜಬೆತ್ತಳ ಪ್ರಶ್ನೆಯಿಂದ ಪಾರಾದರು ಎಂದಲ್ಲ. ಅವರ ಗೆರೆ ಬೇರೆಡೆ ಬಿದ್ದಿದ್ದರಿಂದ ಪ್ರಶ್ನೆಯೂ ಅಲ್ಲಿಯೇ ಹುಟ್ಟಿತು. ನಿಷ್ಕ್ರಿಯನಾದ ಪುರುಷನ ಸನ್ನಿಧಿಯಲ್ಲಿ ಜಡವಾದ ಪ್ರಕೃತಿ ಹೇಗೆ ಚಲಿಸುತ್ತದೆ? ಈಶ್ವರಕೃಷ್ಣನ ‘ಸಾಂಖ್ಯಕಾರಿಕೆ’ ಕುಂಟ–ಕುರುಡರ ದೃಷ್ಟಾಂತವನ್ನು ಕೊಟ್ಟಿತು: ನಡೆಯಲಾರದ, ನೋಡಬಲ್ಲವನೊಬ್ಬ, ನೋಡಲಾರದ, ನಡೆಯಬಲ್ಲವನೊಬ್ಬ, ಇಬ್ಬರೂ ಕೂಡಿ ದಾರಿ ಸವೆಸುತ್ತಾರೆ. ಶಂಕರಾಚಾರ್ಯರು ಬ್ರಹ್ಮಸೂತ್ರಭಾಷ್ಯದ ಎರಡನೆಯ ಅಧ್ಯಾಯದಲ್ಲಿ ಇದನ್ನು ಹಿಡಿದು ನಿಲ್ಲಿಸುತ್ತಾರೆ. ಕುಂಟನು ಕುರುಡನಿಗೆ ಮಾತಿನಿಂದಲಾದರೂ ದಾರಿ ತೋರಿಸುತ್ತಾನೆ, ಮಾತೂ ಒಂದು ಕ್ರಿಯೆಯೇ. ನಿಮ್ಮ ಪುರುಷನಿಗೆ ಅದೂ ಇಲ್ಲವಲ್ಲ? ಅಯಸ್ಕಾಂತವು ಸುಮ್ಮನೆ ಹತ್ತಿರವಿದ್ದೇ ಕಬ್ಬಿಣವನ್ನು ಎಳೆಯುವಂತೆ ಎಂದರೆ, ಪುರುಷನ ಸಾಮೀಪ್ಯ ನಿತ್ಯವಾದ್ದರಿಂದ ಪ್ರಕೃತಿಯ ಚಲನೆಯೂ ಎಂದೂ ನಿಲ್ಲಬಾರದು, ಆಗ ಮೋಕ್ಷವೆಲ್ಲಿ? ಇದು ಹೇಗ್ ನಗರದ ಪತ್ರಕ್ಕಿಂತ ಎಷ್ಟೋ ಶತಮಾನ ಮೊದಲಿನ ಮಾತು. ಶಂಕರರು ತಾವು ಅದರಿಂದ ಪಾರಾಗುವುದು ಆತ್ಮ–ಅನಾತ್ಮಗಳ ಕೂಟವನ್ನೇ ಅಧ್ಯಾಸ ಎಂದು ಹೇಳಿ. ಸಾಂಖ್ಯರಲ್ಲೂ ಇತ್ತು ಎಂದು ಹೇಳಲೇಬೇಕಿದ್ದರೆ ಈ ಇಕ್ಕಟ್ಟು ಇತ್ತು ಎನ್ನಬಹುದು. ಮನಸ್ಸು–ದೇಹಗಳ ಭೇದ ಇತ್ತು ಎನ್ನಲಾಗದು.

ನನಗೆ ಮುಖ್ಯವೆನಿಸುವ ಅಂಶ ಇಲ್ಲಿಂದ ಆರಂಭವಾಗುತ್ತದೆ. ಮನಸ್ಸು ಪ್ರಕೃತಿಯ ದಡದಲ್ಲಿದ್ದರೆ ಮೈ ಕೆಡುವಂತೆ ಅದೂ ಕೆಡಬಲ್ಲದು. ಸಾಂಖ್ಯಕಾರಿಕೆಯು ಮೂರು ಗುಣಗಳ ಸ್ವಭಾವವನ್ನು ಹೇಳುವಾಗ ತಮಸ್ಸಿನ ಸ್ವಭಾವವಾಗಿ ಹೆಸರಿಸುವುದು ವಿಷಾದವನ್ನು. ವಿಷಾದ ಅಲ್ಲಿ ವ್ಯಕ್ತಿಯ ದೌರ್ಬಲ್ಯವೂ ಅಲ್ಲ, ಸೋಮಾರಿತನವೂ ಅಲ್ಲ. ಜಗತ್ತು ಯಾವುದರಿಂದ ಆಗಿದೆಯೋ ಅದರದೇ ಒಂದು ಎಳೆ. ಚರಕಸಂಹಿತೆ ರೋಗಗಳಿಗೆ ಶರೀರ ಮತ್ತು ಮನಸ್ಸು ಎರಡೂ ಆಶ್ರಯ ಎನ್ನುತ್ತದೆ. ವಾತ–ಪಿತ್ತ–ಕಫಗಳನ್ನು ಶರೀರದ ದೋಷಗಳೆಂದರೆ ರಜಸ್ಸು–ತಮಸ್ಸುಗಳನ್ನು ಮನಸ್ಸಿನ ದೋಷಗಳೆನ್ನುತ್ತದೆ. ಉನ್ಮಾದಕ್ಕೆ ನಿದಾನಸ್ಥಾನದಲ್ಲೂ ಚಿಕಿತ್ಸಾಸ್ಥಾನದಲ್ಲೂ ಅಧ್ಯಾಯಗಳನ್ನು ಮೀಸಲಿಟ್ಟಿದೆ. ಅಲ್ಲಿನ ಔಷಧಗಳನ್ನು ಇಂದು ಕೊಡಬೇಕೆಂದು ನಾನು ಹೇಳುತ್ತಿಲ್ಲ. ನೋಡುವ ದೃಷ್ಟಿಯನ್ನು ಹೇಳುತ್ತಿದ್ದೇನೆ.

ಇಂಥ ಪರಂಪರೆಯವರು ನಾವು. ಆದರೆ ನಡೆದುಕೊಳ್ಳುವುದು ಹೇಗೆ? ಜ್ವರ ಬಂದವನಿಗೆ ‘ಮೈ ತಣ್ಣಗ ಮಾಡ್ಕೊ’ ಎಂದು ಯಾರೂ ಹೇಳುವುದಿಲ್ಲ. ಊಟ ಸೇರದೆ, ನಿದ್ರೆ ಬಾರದೆ, ಪುಸ್ತಕ ತೆರೆದರೆ ಅಕ್ಷರ ಹತ್ತದೆ ಕುಳಿತ ಹುಡುಗಿಗೆ ‘ಮನಸ್ಸ ಗಟ್ಟಿ ಮಾಡ್ಕೊ’ ಎನ್ನುತ್ತೇವೆ. ಮರಾಠಿಯಲ್ಲೂ ‘ಮನ ಘಟ್ಟ ಕರ’. ಎರಡೂ ಭಾಷೆಯಲ್ಲಿ ಧಾಟಿ ಒಂದೇ. ಟೈಫಾಯಿಡ್ ಎಂದು ಬರೆದ ವೈದ್ಯರ ಚೀಟಿ ತಂದರೆ ಹಾಜರಿಯ ಕೊರತೆ ಮನ್ನಾ ಆಗುತ್ತದೆ. ಖಿನ್ನತೆ ಎಂದು ಬರೆದ ಚೀಟಿಯನ್ನು ವಿದ್ಯಾರ್ಥಿಗಳು ತರುವುದೇ ಇಲ್ಲ, ತಂದರೆ ಏನಾಗುತ್ತದೆಂದು ಅವರಿಗೆ ಗೊತ್ತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21ನೆಯ ಕಲಮು ಆರೋಗ್ಯ ಸೇವೆಗಳಲ್ಲಿ ಮಾನಸಿಕ ಕಾಯಿಲೆಯವರನ್ನು ದೈಹಿಕ ಕಾಯಿಲೆಯವರಿಗೆ ಸಮಾನವಾಗಿ ಕಾಣಬೇಕು ಎನ್ನುತ್ತದೆ. ಆರೋಗ್ಯ ವಿಮೆಯಲ್ಲೂ ಭೇದ ಕೂಡದು ಎನ್ನುತ್ತದೆ. ಕಾನೂನು ಸಾಂಖ್ಯರ ಪಕ್ಷದಲ್ಲಿದೆ, ಸ್ಟಾಫ್ ರೂಮಿನಲ್ಲಿ ಕುಳಿತ ನಾವು ಡೆಕಾರ್ಟನ ಪಕ್ಷದಲ್ಲಿದ್ದೇವೆ.

ರಾಮದಾಸರೂ ದಾಸರೂ ಮನಸ್ಸಿಗೆ ಬುದ್ಧಿ ಹೇಳಲಿಲ್ಲವೇ ಎಂದು ಕೇಳಬಹುದು. ಹೇಳಿದರು. ಆದರೆ ಪಳಗಿಸುವುದು ಬೇರೆ, ಗುಣಪಡಿಸುವುದು ಬೇರೆ. ತಾಲೀಮಿನಲ್ಲಿ ಬೈಠಕ್ ಹೊಡೆಯುವುದು ಒಳ್ಳೆಯದೆಂದು ಕಾಲು ಮುರಿದವನಿಗೆ ಯಾವ ವಸ್ತಾದನೂ ಬೈಠಕ್ ಹೇಳುವುದಿಲ್ಲ.

ಈ ವ್ಯತ್ಯಾಸವನ್ನು ಎಲಿಜಬೆತ್ ತನ್ನ ಮೈಯಿಂದಲೇ ಕಂಡುಕೊಂಡಳು. 1645ರಲ್ಲಿ ಆಕೆಗೆ ಸಣ್ಣ ಜ್ವರ, ಒಣಕೆಮ್ಮು ಬಿಡದೆ ಕಾಡಿದವು. ಡೆಕಾರ್ಟ್ ಅದಕ್ಕೆ ದುಃಖವೇ ಕಾರಣವೆಂದು ಗುರುತಿಸಿದ. ಕಾಡಿನ ಹಸಿರು, ಹೂವಿನ ಬಣ್ಣ, ಹಕ್ಕಿಯ ಹಾರಾಟ ನೋಡುತ್ತ ಚಿಂತೆಗಳಿಂದ ಕಲ್ಪನೆಯನ್ನು ತಿರುಗಿಸಿಕೊಳ್ಳಲು ಹೇಳಿದ. ಸೆನೆಕನ ಪುಸ್ತಕವನ್ನು ಜೊತೆಯಾಗಿ ಓದಲು ಸೂಚಿಸಿದ. ಅವನ ಸ್ನೇಹದಲ್ಲಿ ಕೊರತೆ ಇರಲಿಲ್ಲ. ಆದರೂ ಅದು ‘ಮನಸ್ಸು ಗಟ್ಟಿ ಮಾಡಿಕೊ’ ಎಂಬುದರ ಸುಸಂಸ್ಕೃತ ರೂಪವೇ. ನೆಮ್ಮದಿ ನಮ್ಮ ಸಂಕಲ್ಪದ ಕೈಯಲ್ಲಿದೆ ಎಂಬ ಆ ವಾದಕ್ಕೆ ಆಕೆ ಆಗಸ್ಟ್‌ನಲ್ಲಿ ಬರೆದ ಉತ್ತರ ಚಿಕ್ಕದು, ತೂಕದ್ದು: ವಿವೇಚಿಸುವ ಶಕ್ತಿಯನ್ನೇ ಕಿತ್ತುಕೊಳ್ಳುವ ಕಾಯಿಲೆಗಳಿವೆ. ಯಾವುದನ್ನು ಬಳಸಿ ಗುಣವಾಗು ಎನ್ನುತ್ತೀರೋ ಅದನ್ನೇ ರೋಗ ಹಿಡಿದಿದ್ದರೆ? ಎರಡು ವರ್ಷ ಮೊದಲು ಆಕೆ ಕೇಳಿದ್ದ ಆತ್ಮ ದೇಹವನ್ನು ಹೇಗೆ ಚಲಿಸುತ್ತದೆ ಎಂಬ ಪ್ರಶ್ನೆ ಇಲ್ಲಿ ತಿರುವುಮುರುವಾಗಿ, ದೇಹ ಆತ್ಮವನ್ನು ಎಲ್ಲಿಯವರೆಗೆ ಹಿಡಿಯಬಲ್ಲದು ಎಂದಾಗಿದೆ. 1649ರಲ್ಲಿ ಹೊರಬಂದ ಡೆಕಾರ್ಟನ ‘ಆತ್ಮದ ಭಾವಾವೇಗಗಳು’ ಎಂಬ ಗ್ರಂಥ ಬೆಳೆದದ್ದು ಈ ಪತ್ರವ್ಯವಹಾರದಿಂದಲೇ.

ಪದದ ಮಟ್ಟಿಗೆ ನನ್ನ ಸೂಚನೆ ಸರಳ. ಡೆಕಾರ್ಟನ ಪಾಠದಲ್ಲಿ ‘ಚೇತನ–ದೇಹ ಭೇದ’ ಎನ್ನೋಣ. ‘ಆತ್ಮ’ ಎಂದರೆ ಪುನರ್ಜನ್ಮ, ಮೋಕ್ಷಗಳ ಇಡೀ ಸಂಸಾರ ಹಿಂದೆ ಬರುತ್ತದೆ. ‘ಚಿತ್ತ’ ಎಂದರೆ ಯೋಗಶಾಸ್ತ್ರದಲ್ಲಿ ಅದೂ ಪ್ರಕೃತಿಯೇ. ಈ ಲೇಖನದಲ್ಲಿ ಡೆಕಾರ್ಟನ ಕಾಲದವರು ಬಳಸಿದ ಮಾತಿಗೆ ಸಮೀಪವೆಂದು ನಾನು ‘ಆತ್ಮ’ ಎಂದೇ ಬರೆದಿದ್ದೇನೆ, ಪಠ್ಯಕ್ಕೆ ಅದು ಸಾಲದು. ‘ಮನಸ್ಸು’ ಅದರ ಹಳೆಯ ಜಾಗದಲ್ಲಿ, ಮೈಯ ನೆರೆಯಲ್ಲಿ ಇರಲಿ.

ಇನ್ನೊಂದು ಸೂಚನೆ ಪಾಠದ ಕ್ರಮದ ಬಗ್ಗೆ. ಡೆಕಾರ್ಟ್ ತೀರಿಕೊಂಡ ಮೇಲೆ ಆಕೆಯ ಪತ್ರಗಳನ್ನು ಅಚ್ಚುಹಾಕಲು ಅವನ ಮಿತ್ರ ಶಾನು ಅನುಮತಿ ಕೇಳಿದ. ಆಕೆ ಕೊಡಲಿಲ್ಲ, ಪತ್ರಗಳನ್ನು ಹಿಂದಕ್ಕೆ ಪಡೆದಳು. 1657ರಿಂದ ಪ್ರಕಟವಾದ ಡೆಕಾರ್ಟನ ಪತ್ರಸಂಪುಟಗಳಲ್ಲಿ ಅವನ ಉತ್ತರಗಳಿದ್ದವು, ಆಕೆಯ ಪ್ರಶ್ನೆಗಳಿರಲಿಲ್ಲ. ಅವು ಅಚ್ಚಾದದ್ದು 1879ರಲ್ಲಿ. 200 ವರ್ಷಕ್ಕೂ ಮಿಕ್ಕಿ ಓದುಗರು ಪ್ರಶ್ನೆಯಿಲ್ಲದ ಉತ್ತರಗಳನ್ನು ಓದಿದರು. ನಮ್ಮ ತರಗತಿಯಲ್ಲಿ ಈ ಪಾಠ 1643ರ ಮೇ ತಿಂಗಳ ಪತ್ರದಿಂದ ಆರಂಭವಾಗಲಿ. ಪೀನಿಯಲ್ ಗ್ರಂಥಿ ಆಮೇಲೆ ಬರಲಿ.