ಮಾಘದ ಪಂಚಮಿ ಮತ್ತು ಒಂದು ತಟ್ಟೆ ಅಕ್ಕಿ

ಮದ್ದೂರು ಎಂದೊಡನೆ ವಡೆಯನ್ನು ನೆನೆಯುವ ವಾಚಕರು ನಮ್ಮನ್ನು ಕ್ಷಮಿಸಬೇಕು. ನಾವು ಹೇಳಹೊರಟಿರುವುದು ಮಂಡ್ಯ ಸೀಮೆಯ ಊರನ್ನಲ್ಲ, ತೆಲಂಗಾಣದ ನಾರಾಯಣಪೇಟೆ ಜಿಲ್ಲೆಯ ಮದ್ದೂರನ್ನು. ಇದಕ್ಕೆ ಸಮೀಪದ ಕೊಡಂಗಲ್ ತಾಲ್ಲೂಕು 1956ರವರೆಗೆ ಗುಲ್ಬರ್ಗಾ ಜಿಲ್ಲೆಗೆ ಸೇರಿತ್ತು. ಗದ್ವಾಲ ರಾಯಚೂರಿಗೆ ಸೇರಿತ್ತು. ಗೆರೆ ಬದಲಾದರೂ ಕೆಲವು ಮನೆಗಳ ಒಳಮಾತು ಇಂದಿಗೂ ಕನ್ನಡವೇ.

ಮಾಘ ಶುದ್ಧ ಪಂಚಮಿಯನ್ನು ಶ್ರೀಪಂಚಮಿಯೆಂದೂ ವಸಂತ ಪಂಚಮಿಯೆಂದೂ ಕರೆಯುತ್ತಾರೆ. ಪಂಚಾಂಗದ ಲೆಕ್ಕದಲ್ಲಿ ವಸಂತ ಋತು ಚೈತ್ರದಲ್ಲಿ ಆರಂಭವಾಗತಕ್ಕದ್ದು. ಈ ಹಬ್ಬವಾದರೋ ಅದಕ್ಕೆ ಬಹಳ ಮೊದಲೇ ಬರುತ್ತದೆ. ಬೆಳಗಿನ ಜಾವ ಕಂಬಳಿಯನ್ನು ಬಿಟ್ಟೇಳಲು ಮನಸ್ಸಾಗದು. ಆದರೂ ಮಾವು ಹೂ ಬಿಡತೊಡಗಿರುತ್ತದೆ, ಬಿಳಿಜೋಳದ ತೆನೆ ಬಲಿಯುತ್ತಿರುತ್ತದೆ. ಬರಲಿರುವ ಅತಿಥಿಗೆ ಮುಂಚಿತವಾಗಿ ಅಂಗಳ ಸಾರಿಸಿಟ್ಟಂತೆ ಈ ಹಬ್ಬ.

ದೂರದ ಐರ್ಲೆಂಡಿನಲ್ಲಿಯೂ ಇಂಥದೇ ಒಂದು ದಿನವುಂಟು. ಫೆಬ್ರುವರಿ 1ರ ಆ ಹಬ್ಬಕ್ಕೆ ಇಂಬೋಲ್ಕ್ ಎಂದು ಹೆಸರು. ಅಲ್ಲಿಯೂ ಚಳಿ ಹೋಗಿರುವುದಿಲ್ಲ. ಕುರಿಗಳು ಈಯುವ, ಕೆಚ್ಚಲಿಗೆ ಹಾಲಿಳಿಯುವ ಕಾಲ. ಅಂದಿನ ದೇವತೆ ಬ್ರಿಜಿಡ್, ಕವಿಗಳಿಗೂ ಕಮ್ಮಾರರಿಗೂ ವೈದ್ಯಕ್ಕೂ ಅಧಿದೇವತೆ. ಅದೇ ಹೆಸರಿನ ಕ್ರೈಸ್ತ ಸಂತಳ ದಿನವೂ ಅದೇ. 2023ರಿಂದ ಆ ದೇಶದಲ್ಲಿ ಅದಕ್ಕೆ ಸರ್ಕಾರಿ ರಜೆ ಕೊಡುತ್ತಿದ್ದಾರೆ. ಕುರಿ ಕಂಬಳಿಗಳ ಸೀಮೆಯವರಾದ ನಮಗೆ ಇದು ತೀರ ಪರಕೀಯವೆನಿಸಲಿಲ್ಲ. ಚಳಿಯಲ್ಲಿಯೇ ವಸಂತವನ್ನು ಕರೆಯುವ ದಿನ ಅವರಿಗೆ ಕವಿತೆಯ ದೇವಿ, ನಮಗೆ ಅಕ್ಷರದ ದೇವಿ!

ತೆಲಂಗಾಣದಲ್ಲಿ ಮಕ್ಕಳಿಗೆ ಅಕ್ಷರಾಭ್ಯಾಸ ಮಾಡಿಸುವುದು ಈ ಪಂಚಮಿಯಂದು. ಗೋದಾವರಿ ತೀರದ ಬಾಸರದ ಜ್ಞಾನ ಸರಸ್ವತಿಯ ಸನ್ನಿಧಿಯಲ್ಲಿ ಅಂದು ಸಾವಿರಾರು ಕೂಸುಗಳು ಸಾಲುಗಟ್ಟುತ್ತವೆ. ಅಷ್ಟು ದೂರ ಹೋಗಲಾರದವರು ಮನೆಯಲ್ಲಿಯೇ ತಟ್ಟೆಯಲ್ಲಿ ಅಕ್ಕಿ ಹರಡಿ, ಕೂಸಿನ ಬೆರಳು ಹಿಡಿದು ಓನಾಮ ಬರೆಯಿಸುತ್ತಾರೆ.

ಮದ್ದೂರಿನ ಅಂಥದೊಂದು ಮನೆಗೆ ನಾವು ಹೋಗಿದ್ದೆವು. ಅಯ್ಯನವರು ಬೆರಳು ಹಿಡಿಯುವ ಹೊತ್ತಿಗೆ ಅಜ್ಜಿ ನಡುವೆ ಮಾತು ಹಾಕಿದರು: “ಅಯ್ನೋರ, ಶಾಲ್ಯಾಗ ತೆಲುಗು ಕಲಸ್ತಾರ, ಕಲೀಲಿ. ಈ ಅಕ್ಕಿಮ್ಯಾಲೆ ನಮ್ಮ ಅಕ್ಷರ ಬರಸ್ರಿ.” ಮಗನಿಗೆ ಒಪ್ಪಿಗೆಯಿಲ್ಲ. “ಕೂಸಿಗೆ ಗೊಂದಲ ಆಗ್ತದವ್ವಾ” ಎಂದರು. ಅವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಈ ರಾಜ್ಯದ ಶಾಲೆಗಳಲ್ಲಿ ತೆಲುಗನ್ನು ಕಡ್ಡಾಯ ಮಾಡುವ ಕಾನೂನು 2018ರಲ್ಲಿ ಬಂದಿದೆ. ಅವರೂ ತೆಲುಗಿನಲ್ಲಿಯೇ ಓದಿದವರು, ಕನ್ನಡ ಮಾತಾಡಬಲ್ಲರು, ಓದಲಾರರು. ಈ ಮಾಸಪತ್ರಿಕೆಯನ್ನು ಅವರಿಗೆ ಇಂದಿಗೂ ತಾಯಿಯೇ ಓದಿ ಹೇಳುತ್ತಾರಂತೆ. ತಾಯಿಯ ಕಣ್ಣಿಗೆ ಪೊರೆ ಬಂದಿದೆ.

ಅಯ್ಯನವರು ನಕ್ಕು ‘ಓಂ ನಮಃ’ ಎಂದು ಬರೆಯಿಸಿಯೇ ಬಿಟ್ಟರು. ಅದುವರೆಗೆ ಯಾರ ಜಗಳವೂ ಇಲ್ಲ. ಶತಮಾನಗಳ ಕಾಲ ಒಂದೇ ಆಗಿದ್ದ ಲಿಪಿಯ ಎರಡು ಕವಲುಗಳಿವು, ತಲೆಕಟ್ಟಿನ ಗೀಟೊಂದನ್ನು ಬಿಟ್ಟರೆ ಆ ಅಕ್ಷರಗಳಲ್ಲಿ ಹೆಚ್ಚಿನ ಭೇದ ಕಾಣದು. ‘ಶಿವಾಯ’ ಎನ್ನುವಲ್ಲಿ ದಾರಿ ಕವಲೊಡೆಯುತ್ತದೆ. ತೆಲುಗಿನ ಶಕಾರವೇ ಬೇರೆ, ನಮ್ಮದೇ ಬೇರೆ. ಅಲ್ಲಿ ಬೆರಳು ನಿಂತಿತು. ಎಲ್ಲರೂ ಅಜ್ಜಿಯ ಮುಖ ನೋಡಿದರು.

ಅಯ್ಯನವರು ಮೊದಲು ಒಂದನ್ನು ಬರೆಯಿಸಿ, ಅದರ ಕೆಳಗೆ ಇನ್ನೊಂದನ್ನು ಬರೆಯಿಸಿದರು. ಕೂಸಿಗೆ ಎರಡೂ ಚಿತ್ರಗಳೇ. ಅಕ್ಕಿ ಚೆಲ್ಲಿತೆಂಬುದೊಂದೇ ಅದರ ಸಂತೋಷ. ಗೊಂದಲವಾದದ್ದು ತಂದೆಗೆ. ಅವರು ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡು, “ಇದು ಎಲ್ಲಿಂದ ಸುರು ಮಾಡಬೇಕವ್ವಾ?” ಎಂದು ಕೇಳಿದರು. ಅಜ್ಜಿ ಮಗನ ತೋರುಬೆರಳನ್ನು ಹಿಡಿದುಕೊಂಡರು. ಮೂರು ಸಲ ಅಳಿಸಿದರು, ನಾಲ್ಕನೆಯ ಸಲ ಶಕಾರ ಸರಿಯಾಯಿತು. ಅಷ್ಟರಲ್ಲಿ ಪಾಯಸಕ್ಕೆ ಅದೇ ಅಕ್ಕಿ ಬೇಕೆಂದು ಸೊಸೆ ಒಳಗಿನಿಂದ ಎರಡು ಬಾರಿ ಕೂಗಿದ್ದರು.