ಮನಸ್ಸಿನ ಔಷಧವನ್ನು ಬಿಡುವ ಕ್ರಮ

ಮನೆಯಲ್ಲಿ ಒಬ್ಬರಿಗೆ ಮನೋವ್ಯಾಧಿಯುಂಟಾಗಿ, ವೈದ್ಯರ ಔಷಧದಿಂದ ಗುಣವು ಕಂಡುಬಂದಿತೆನ್ನೋಣ. ನಿದ್ರೆಯು ಬಂದಿತು, ಅನ್ನವು ರುಚಿಸಿತು, ಮುಖಕ್ಕೆ ಕಳೆಯೇರಿತು. ಆಗ ಹಿರಿಯರಲ್ಲೊಬ್ಬರಾದರೂ, “ಇನ್ನೇಕೆ ಆ ಮಾತ್ರೆ? ಯೋಗಾಸನವನ್ನು ಮಾಡಲಿ, ಬ್ರಾಹ್ಮಿಯನ್ನು ಸೇವಿಸಲಿ” ಎಂದು ಹೇಳದೆ ಇರಲಾರರು. ಈ ಮಾತಿನ ಹಿಂದೆ ಇರುವುದು ವಾತ್ಸಲ್ಯವೇ ಎಂಬುದನ್ನು ನಾವು ಬಲ್ಲೆವು. ಔಷಧವನ್ನು ಬಿಡಬೇಕೆಂಬ ಬಯಕೆಯೂ ತಪ್ಪಲ್ಲ. ಮೈ ತೂಕವೇರುವುದು, ಮಂಕು ಕವಿಯುವುದು ಮೊದಲಾದ ಉಪದ್ರವಗಳ ಕಷ್ಟವು ಅನುಭವಿಸಿದವರಿಗೇ ಗೊತ್ತು. ಆದರೆ ಶನಿವಾರದವರೆಗೆ ನುಂಗುತ್ತಿದ್ದ ಮಾತ್ರೆಯನ್ನು ಭಾನುವಾರ ಕಿಟಕಿಯಿಂದಾಚೆಗೆ ಎಸೆಯುವ ಪದ್ಧತಿಯುಂಟಷ್ಟೆ, ಅದನ್ನು ಕುರಿತು ಗೃಹಸ್ಥರಲ್ಲಿ ಕೆಲವು ಮಾತುಗಳನ್ನು ಅರಿಕೆಮಾಡಬೇಕಾಗಿದೆ.

ಬಹುಕಾಲ ಸೇವಿಸಿದ ಔಷಧಕ್ಕೆ ಮೆದುಳು ಒಗ್ಗಿಕೊಂಡಿರುತ್ತದೆ. ಅದನ್ನು ಥಟ್ಟನೆ ನಿಲ್ಲಿಸಿದರೆ ತಲೆಸುತ್ತು, ವಾಕರಿಕೆ, ನಿದ್ರಾಭಂಗ, ಕೆಟ್ಟ ಸ್ವಪ್ನಗಳು, ಕಾರಣವಿಲ್ಲದ ಅಳು, ತಲೆಯೊಳಗೆ ವಿದ್ಯುತ್ತು ಹರಿದಂತಹ ಅನುಭವ ಇವುಗಳು ತಲೆದೋರುವುದುಂಟು. ಮನೆಯವರು ಇದನ್ನು ಕಂಡು, ಹಳೆಯ ರೋಗವೇ ಮರಳಿತೆಂದು ಕಂಗೆಡುವರು. ರೋಗಿಯೂ ತನಗೆ ಇನ್ನು ಬಿಡುಗಡೆಯಿಲ್ಲವೆಂದು ನಿರಾಶೆಗೊಳ್ಳುವನು. ಇವೆರಡಕ್ಕೂ ಭೇದವುಂಟು. ಔಷಧವನ್ನು ಬಿಟ್ಟ ಬಾಧೆಯು ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ತೋರುವುದು. ಹಿಂದೆ ಎಂದೂ ಇಲ್ಲದ ದೇಹಲಕ್ಷಣಗಳು ಜೊತೆಗಿರುವುವು. ಔಷಧವನ್ನು ಮತ್ತೆ ಕೊಟ್ಟೊಡನೆ ಬೇಗನೆ ಶಮನವಾಗುವುದು. ರೋಗವಾದರೋ ಬಹುಮಟ್ಟಿಗೆ ವಾರಗಳು, ತಿಂಗಳುಗಳು ಕಳೆದ ಮೇಲೆ ಮೆಲ್ಲನೆ ಮರಳುವುದು. ಪೆರಾಕ್ಸೆಟಿನ್, ವೆನ್ಲಾಫ್ಯಾಕ್ಸಿನ್ ಮುಂತಾದವು ದೇಹದಿಂದ ಬೇಗನೆ ಹೊರಟುಹೋಗುವುದರಿಂದ ಅವುಗಳ ಬಾಧೆಯು ಹೆಚ್ಚು. ಫ್ಲುವಾಕ್ಸೆಟಿನ್ ವಾರಗಟ್ಟಲೆ ಉಳಿಯುವುದರಿಂದ ಅದರ ಬಾಧೆಯು ತಡವಾಗಿ ಬಂದು ಮೋಸಗೊಳಿಸಬಹುದು.

ಹಾಗಾದರೆ ಅರ್ಧ ಮಾತ್ರೆ, ಆಮೇಲೆ ಕಾಲು ಮಾತ್ರೆ, ಆಮೇಲೆ ಏನೂ ಇಲ್ಲ ಎಂದು ಮಾಡಿದರೆ ಸಾಲದೇ ಎಂದು ಕೇಳಬಹುದು. ಇಲ್ಲಿಯೇ ಲೆಕ್ಕವು ಸೂಕ್ಷ್ಮವಾಗಿರುವುದು. ಮಾರ್ಕ್ ಹೊರೊವಿಟ್ಜ್, ಡೇವಿಡ್ ಟೇಲರ್ ಎಂಬ ಇಬ್ಬರು ವಿದ್ವಾಂಸರು 2019ರಲ್ಲಿ ಇದನ್ನು ವಿಶದಪಡಿಸಿದರು. ಖಿನ್ನತೆಗೆ ಕೊಡುವ ಸಿಟಾಲೊಪ್ರಾಮ್ ಎಂಬ ಔಷಧವನ್ನು ತೆಗೆದುಕೊಳ್ಳೋಣ. ಅದು ಮೆದುಳಿನಲ್ಲಿ ಸೆರೊಟೋನಿನ್ ಎಂಬ ದ್ರವ್ಯವನ್ನು ಹಿಂದಕ್ಕೆಳೆಯುವ ದ್ವಾರಗಳನ್ನು ಮುಚ್ಚುತ್ತದೆ. ದಿನಕ್ಕೆ 20 ಮಿಲಿಗ್ರಾಂ ಸೇವಿಸಿದರೆ ನೂರರಲ್ಲಿ ಸುಮಾರು 80 ದ್ವಾರಗಳು ಮುಚ್ಚುವುವು. ಸುಮಾರು 9 ಮಿಲಿಗ್ರಾಂ ಸೇವಿಸಿದರೂ 70 ಮುಚ್ಚಿಯೇ ಇರುವುವು. ಎಂದರೆ, ಮೊದಲಿನ ಅರ್ಧವನ್ನು ಬಿಟ್ಟಾಗ ಕಳೆದುಹೋಗುವುದು ಹತ್ತು ಪಾಲು; ಉಳಿದರ್ಧವನ್ನು ಬಿಟ್ಟಾಗ ಎಪ್ಪತ್ತು ಪಾಲು! ಮೆಟ್ಟಲುಗಳು ಕೆಳಕೆಳಗೆ ಹೋದಂತೆಲ್ಲ ಎತ್ತರವಾಗುತ್ತವೆ. ಆದಕಾರಣ ಕೊನೆಯ ಅಂಶವನ್ನೇ ಅತಿ ನಿಧಾನವಾಗಿ, ಒಂದು ಮಿಲಿಗ್ರಾಮಿಗಿಂತಲೂ ಕೆಳಗೆ ಇಳಿಸಿ, ಬಳಿಕ ನಿಲ್ಲಿಸತಕ್ಕದ್ದೆಂಬುದು ಅವರ ಅಭಿಪ್ರಾಯವು.

ನಿದ್ರೆಗೂ ಕಳವಳಕ್ಕೂ ಕೊಡುವ ಆಲ್ಪ್ರಾಜೋಲಾಮ್, ಕ್ಲೊನಾಜೆಪಾಮ್, ಲೊರಾಜೆಪಾಮ್ ಇವುಗಳ ವಿಷಯದಲ್ಲಿ ಅವಸರವು ಇನ್ನೂ ಅಪಾಯಕರ. ಬಹುದಿನ ಸೇವಿಸಿ ಒಮ್ಮೆಗೇ ಬಿಟ್ಟರೆ ಅಪಸ್ಮಾರದಂತಹ ಸೆಳವು ಬರಬಹುದು. ಇಂಗ್ಲೆಂಡಿನ ನ್ಯೂಕ್ಯಾಸಲ್ ಪಟ್ಟಣದಲ್ಲಿ ಹೆದರ್ ಆಷ್ಟನ್ ಎಂಬ ವಿದುಷಿಯು 1982ರಿಂದ 1994ರ ವರೆಗೆ, ಇವುಗಳನ್ನು ಬಿಡಬಯಸುವವರಿಗಾಗಿಯೇ ಒಂದು ಚಿಕಿತ್ಸಾಲಯವನ್ನು ನಡೆಸಿದಳು. ಶೀಘ್ರವಾಗಿ ಇಳಿಯುವ ಔಷಧಕ್ಕೆ ಬದಲಾಗಿ ನಿಧಾನವಾಗಿ ಇಳಿಯುವ ಡಯಾಜೆಪಾಮನ್ನು ಕೊಟ್ಟು, ಅದನ್ನು ತಿಂಗಳುಗಟ್ಟಲೆ, ಕೆಲವರಿಗೆ ವರ್ಷಕ್ಕೂ ಮೀರಿ, ಸ್ವಲ್ಪಸ್ವಲ್ಪವಾಗಿ ತಗ್ಗಿಸುವುದು ಆಕೆಯ ಕ್ರಮವಾಗಿದ್ದಿತು. ಎಷ್ಟು ವೇಗದಲ್ಲಿ ಇಳಿಯಬೇಕೆಂಬುದನ್ನು ರೋಗಿಯೇ ನಿರ್ಧರಿಸಲೆಂದು ಬಿಟ್ಟುದು ನಮಗೆ ಬಹು ಮೆಚ್ಚಿಕೆಯಾಯಿತು.

ಇನ್ನು ಗಿಡಮೂಲಿಕೆಯ ಮಾತು. ಮೂಲಿಕೆಯು ಔಷಧವಲ್ಲವೆಂಬ ಭಾವನೆಯು ಸರಿಯಲ್ಲ. ನಮ್ಮ ಸರ್ಪಗಂಧಿಯ ಬೇರು ಉನ್ಮಾದವನ್ನೂ ರಕ್ತದೊತ್ತಡವನ್ನೂ ತಗ್ಗಿಸುವುದೆಂದು ಗಣನಾಥ ಸೇನ್, ಕಾರ್ತಿಕಚಂದ್ರ ಬೋಸ್ ಇವರು 1931ರಲ್ಲಿ ಪ್ರಕಟಿಸಿದರು. 1952ರಲ್ಲಿ ಅದರಿಂದ ರಿಸರ್ಪಿನ್ ಎಂಬ ಸಾರವನ್ನು ಬೇರ್ಪಡಿಸಲಾಯಿತು. ಕೆಲವೇ ವರ್ಷಗಳಲ್ಲಿ, ಅದನ್ನು ಸೇವಿಸಿದ ಕೆಲವರು ಖಿನ್ನತೆಗೊಳಗಾದರೆಂಬ ವರದಿಗಳೂ ಬಂದುವು! ಆದುದರಿಂದ ಅಶ್ವಗಂಧವಾಗಲಿ ಬ್ರಾಹ್ಮಿಯಾಗಲಿ, ವೈದ್ಯರಿಗೆ ತಿಳಿಸದೆ ಜೊತೆಗೂಡಿಸಲಾಗದು.

ಯೋಗಾಭ್ಯಾಸದ ಮೇಲೆ ನಮಗೆ ಆದರವುಂಟು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು 2007ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದರಲ್ಲಿ, ಚಿತ್ತವಿಕಲತೆಯುಳ್ಳ ರೋಗಿಗಳ ಪೈಕಿ ಯೋಗವನ್ನು ಮಾಡಿದವರು ಅಂಗಸಾಧನೆಯನ್ನು ಮಾಡಿದವರಿಗಿಂತ ಹೆಚ್ಚು ಸುಧಾರಿಸಿದರು. ಆದರೆ ಅವರೆಲ್ಲರೂ ಔಷಧವನ್ನು ಸೇವಿಸುತ್ತಲೇ ಇದ್ದರೆಂಬುದನ್ನು ಶಿಬಿರಗಳ ಜಾಹೀರಾತುಗಳಲ್ಲಿ ಹೇಳುವವರು ಅಪೂರ್ವ. ಹೊತ್ತಿಗೆ ಸರಿಯಾದ ನಿದ್ರೆ, ನಡಿಗೆ, ಕೈಗೊಂದು ಕೆಲಸ, ಆಡುವ ಮಾತಿಗೆ ಕಿವಿಗೊಡುವ ಜನ ಇವೆಲ್ಲವೂ ಔಷಧವನ್ನು ಇಳಿಸುವುದಕ್ಕೆ ಮೊದಲೇ ನೆಲೆಗೊಂಡಿರಲಿ.

ಎಲ್ಲರೂ ಔಷಧವನ್ನು ಬಿಡಲಾಗುವುದಿಲ್ಲ. ಉನ್ಮಾದವೂ ಖಿನ್ನತೆಯೂ ಸರದಿಯಾಗಿ ಬರುವವರು ಲಿಥಿಯಮನ್ನು ಒಮ್ಮೆಗೇ ನಿಲ್ಲಿಸಿದರೆ ಉನ್ಮಾದವು ಕೆರಳುವುದುಂಟು. ಸಾಯುವ ಮಾತು ರೋಗಿಯ ಬಾಯಿಂದ ಬಂದರೆ ಇಳಿಸುವುದನ್ನು ಅಲ್ಲಿಗೇ ನಿಲ್ಲಿಸಿ ಅಂದೇ ವೈದ್ಯರನ್ನು ಕಾಣತಕ್ಕದ್ದು. 14416 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಸರ್ಕಾರದ ಟೆಲಿ ಮಾನಸ್‌ನವರೂ ಮಾತನಾಡುವರು.

ವೈದ್ಯರು ಒಪ್ಪಿದ ಮೇಲೆ ಒಂದು ಪುಸ್ತಕವನ್ನಿಟ್ಟು, ತಾರೀಖು, ಔಷಧದ ಪ್ರಮಾಣ, ನಿದ್ರೆಯ ಗಂಟೆಗಳು, ಕಂಡ ಬಾಧೆ ಇವುಗಳನ್ನು ಪ್ರತಿದಿನವೂ ಬರೆಯಿರಿ. ಬಾಧೆಯು ಹೆಚ್ಚಿದರೆ, ಕೆಳಗಿಳಿಯದೆ ಅದೇ ಮೆಟ್ಟಲಿನಲ್ಲಿ ಕೆಲವು ವಾರ ನಿಲ್ಲುವುದೇ ಅಥವಾ ಹಿಂದಿನ ಮೆಟ್ಟಲಿಗೆ ಏರುವುದೇ ಎಂಬುದನ್ನು ಆ ಪುಸ್ತಕವನ್ನು ತೋರಿಸಿ ವೈದ್ಯರಲ್ಲಿ ವಿಚಾರಿಸಿರಿ. ಸಣ್ಣ ಪ್ರಮಾಣಗಳಿಗಾಗಿ ದ್ರವರೂಪದ ಔಷಧವು ದೊರೆಯುವುದೇ ಎಂಬುದನ್ನೂ ಕೇಳಿಕೊಳ್ಳಿರಿ. ನಿಧಾನವಾಗಿ ಕರಗುವಂತೆ ಮಾಡಿದ ಮಾತ್ರೆಗಳನ್ನು ಮಾತ್ರ ಮನೆಯಲ್ಲಿ ಪುಡಿಮಾಡಕೂಡದು. ಇಡೀ ದಿನದ ಔಷಧವು ಒಂದೇ ಸಲಕ್ಕೆ ಮೈಗಿಳಿಯುವುದು.